ಅಜ್ಜನ ಈಬತ್ತಿ ಅಳಿಸಿಹೋಗದಂತೆ: ಲೇಸರ್ ಪ್ರಿಂಟರ್‌ನಲ್ಲಿ ಗ್ರೇ ಶೇಡ್ ತರುವ ಬಗೆ

ದಾವಣಗೆರೆಯ ನಮ್ಮ ಡಿಟಿಪಿ ಅಂಗಡಿಗೆ ಮದುವೆ ಪತ್ರಿಕೆ ಮಾಡಿಸುವವರು ತಿಂಗಳ ಮೊದಲೇ ಬರುತ್ತಾರೆ. ಶಿವಗಣಾರಾಧನೆ ಪತ್ರಿಕೆಯವರು ಬೆಳಗ್ಗೆ ಬಂದು ಸಂಜೆಗೆ ಬೇಕು ಅನ್ನುತ್ತಾರೆ. ಸಾವಿನ ಮನೆಯವರಿಗೆ ಆಗಲ್ಲ ಅನ್ನುವುದು ಹೇಗೆ? ಆಫ್‌ಸೆಟ್‌ಗೆ ಕಳಿಸುವಷ್ಟು ಪುರುಸೊತ್ತು ಇರುವುದಿಲ್ಲ. ನೂರು, ಇನ್ನೂರು ಪ್ರತಿ ಲೇಸರ್ ಪ್ರಿಂಟರ್‌ನಲ್ಲೇ ಹೊಡೆದು ಕೊಡುತ್ತೇವೆ.

ಒಮ್ಮೆ ಒಬ್ಬ ಹುಡುಗ ಅವನ ಅಜ್ಜನ ಫೋಟೋ ತಂದ. ಬಿಳಿ ರುಮಾಲು, ಹಣೆಯ ಮೇಲೆ ಮೂರೆಳೆ ಈಬತ್ತಿ, ಬಿಸಿಲಿಗೆ ಮಿರಮಿರ ಅನ್ನುವ ಮುಖ. ಒಳ್ಳೆಯ ಫೋಟೋ. ಇನ್ನೂ ನುಣ್ಣಗೆ ಬರಲಿ ಅಂತ ನಾನು ಜಾಣತನ ತೋರಿಸಲು ಹೋದೆ. ಹಾಫ್‌ಟೋನ್ ಸ್ಕ್ರೀನನ್ನು, ಅಂದರೆ ಶೇಡ್ ತರುವ ಚುಕ್ಕಿಗಳ ಜಾಲರಿಯನ್ನು, ಇಂಚಿಗೆ 106 ಸಾಲಿಗೆ ಏರಿಸಿ ಪ್ರಿಂಟ್ ಕೊಟ್ಟೆ. ಹುಡುಗ ಹಾಳೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, “ಅಣ್ಣಾ, ನಮ್ಮಜ್ಜನ ಈಬತ್ತಿನೇ ಕಾಣ್ತಿಲ್ವಲ್ರೀ” ಅಂದ. ನಿಜ. ಹಣೆ ಪೂರ್ತಿ ಬಿಳಿ ಕಾಗದ. ರುಮಾಲಿನ ಸುತ್ತುಗಳೂ ಇಲ್ಲ. ಕೆನ್ನೆಯ ಮೇಲೆ ದುರ್ಗದ ಕೋಟೆ ಮೆಟ್ಟಿಲಿನ ಹಾಗೆ ಪಟ್ಟೆ ಪಟ್ಟೆ.

ತಪ್ಪು ಪ್ರಿಂಟರ್‌ದಲ್ಲ, ನನ್ನದೇ. ಜಾಲರಿ ಸಣ್ಣದಾದಷ್ಟೂ ಚಿತ್ರ ನುಣುಪಾಗುತ್ತದೆ ಅಂದುಕೊಂಡಿದ್ದೆ. ಲೇಸರ್ ಪ್ರಿಂಟರ್‌ನಲ್ಲಿ ಅದು ಅರ್ಧ ನಿಜ ಮಾತ್ರ. ಇನ್ನರ್ಧ ಕಲಿಯಲು ನನಗೆ ಒಂದು ರೀಮ್ ಕಾಗದ ಖರ್ಚಾಯಿತು. ನಿಮಗೆ ನಾಲ್ಕೈದು ಹಾಳೆ ಸಾಕು.

ಮೊದಲು ಕಂಬಳಿ ಲೆಕ್ಕ

ಲೇಸರ್ ಪ್ರಿಂಟರ್‌ಗೆ ಬೂದು ಬಣ್ಣ ಗೊತ್ತೇ ಇಲ್ಲ. ಒಂದು ಜಾಗದಲ್ಲಿ ಕಪ್ಪು ಟೋನರ್ ಪುಡಿ ಕೂರಿಸುತ್ತದೆ, ಇಲ್ಲವೆಂದರೆ ಬಿಡುತ್ತದೆ. ಚಳ್ಳಕೆರೆ ಕಡೆಯ ಕಂಬಳಿ ನೋಡಿದ್ದೀರಲ್ಲ, ಕರಿ ಉಣ್ಣೆ ಬಿಳಿ ಉಣ್ಣೆ ಬೆರೆಸಿ ನೇಯ್ದದ್ದು? ದೂರಕ್ಕೆ ಬೂದು, ಹತ್ತಿರ ಹೋದರೆ ಬರೀ ಕಪ್ಪು ಬಿಳಿ ಎಳೆ. ಹಾಫ್‌ಟೋನ್ ಅಂದರೆ ಅಷ್ಟೇ. ಚಿತ್ರವನ್ನು ಸಣ್ಣ ಸಣ್ಣ ಮನೆಗಳಾಗಿ ಕೊಯ್ದು, ಪ್ರತಿ ಮನೆಯಲ್ಲೂ ಒಂದು ಚುಕ್ಕಿ ಇಡುವುದು. ಶೇಡ್ ಗಾಢವಾಗಿದ್ದರೆ ದೊಡ್ಡ ಚುಕ್ಕಿ, ತೆಳುವಾಗಿದ್ದರೆ ಸಣ್ಣ ಚುಕ್ಕಿ.

ಒಂದು ಇಂಚಿನಲ್ಲಿ ಇಂಥ ಎಷ್ಟು ಸಾಲು ಮನೆಗಳಿವೆ ಅನ್ನುವುದು ಎಲ್‌ಪಿಐ. ಪ್ರಿಂಟರ್ ಒಂದು ಇಂಚಿನಲ್ಲಿ ಎಷ್ಟು ಬಿಂದು ಇಡಬಲ್ಲದು ಅನ್ನುವುದು ಡಿಪಿಐ. ಹಾಫ್‌ಟೋನ್ ಚುಕ್ಕಿ ಆಗುವುದು ಈ ಬಿಂದುಗಳು ಸೇರಿಕೊಂಡೇ. ಇವೆರಡನ್ನು ಕಲಸಿಕೊಂಡರೆ ಮುಂದಿನದ್ದು ಯಾವುದೂ ತಲೆಗೆ ಹೋಗುವುದಿಲ್ಲ.

600 ಡಿಪಿಐ ಪ್ರಿಂಟರ್ ಇದೆ ಅನ್ನೋಣ. ಸ್ಕ್ರೀನ್ 45 ಡಿಗ್ರಿ ಓರೆಯಾಗಿ ಕೂತಿದೆ. 53 ಎಲ್‌ಪಿಐ ಇಟ್ಟರೆ ಒಂದೊಂದು ಮನೆಯಲ್ಲಿ 128 ಬಿಂದು ಹಿಡಿಸುತ್ತದೆ. ಒಂದೂ ಇಲ್ಲದ ಖಾಲಿ ಮನೆಯಿಂದ ಹಿಡಿದು 128ನ್ನೂ ತುಂಬಿದ ಮನೆವರೆಗೆ ಒಟ್ಟು 129 ಶೇಡ್. 71ಕ್ಕೆ ಏರಿಸಿದರೆ 73 ಶೇಡ್, 85ಕ್ಕೆ 51. ನಾನು ಇಟ್ಟ 106ಕ್ಕೆ ಬರೀ 33. ಮುಖದ ಒಂದು ಕೆನ್ನೆಯ ಪಾಲಿಗೆ ಅದರಲ್ಲಿ ಆರೋ ಏಳೋ ಶೇಡ್ ಬಂದರೆ ಹೆಚ್ಚು. ಪಟ್ಟೆ ಬೀಳದೆ ಇನ್ನೇನಾಗುತ್ತದೆ?

ಈಬತ್ತಿ ಹೋದದ್ದು ಬೇರೆ ಕಾರಣಕ್ಕೆ. ಬಿಸಿಲು ಬಿದ್ದ ಹಣೆಯ ಶೇಡ್ ಸುಮಾರು ಶೇಕಡ 6ರಷ್ಟು ಕಪ್ಪು. 53ರ ಜಾಲರಿಯಲ್ಲಿ ಅದು ಏಳೆಂಟು ಬಿಂದುಗಳ ಗುಂಪು. ಕಾಗದದ ಮೇಲೆ ಗಟ್ಟಿಯಾಗಿ ಕೂರುತ್ತದೆ. 106ರಲ್ಲಿ ಅದೇ ಶೇಕಡ 6 ಅಂದರೆ ಎರಡೇ ಬಿಂದು. ಅಷ್ಟು ಸಣ್ಣದನ್ನು ಲೇಸರ್ ಬರೆದರೂ ಟೋನರ್ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಹಣೆಯೇ ಬಿಳಿಯಾದ ಮೇಲೆ ಈಬತ್ತಿ ಯಾವುದರ ಮೇಲೆ ಕಾಣಬೇಕು?

ಅಂದರೆ ಇದೊಂದು ಕೊಡು-ಕೊಳ್ಳುವ ವ್ಯವಹಾರ. ಜಾಲರಿ ಸಣ್ಣದು ಬೇಕೆಂದರೆ ಶೇಡ್ ಬಿಟ್ಟುಕೊಡಬೇಕು. ಶೇಡ್ ಜಾಸ್ತಿ ಬೇಕೆಂದರೆ ಕಣ್ಣಿಗೆ ಕಾಣುವ ಚುಕ್ಕಿಯನ್ನು ಸಹಿಸಬೇಕು.

53, 71, 85, 106 ಅನ್ನುವ ಈ ವಿಚಿತ್ರ ಅಂಕಿಗಳು ಎಲ್ಲಿಂದ ಬಂದವು ಅಂತ ನನಗೂ ಬಹಳ ದಿನ ಗೊತ್ತಿರಲಿಲ್ಲ. 45 ಡಿಗ್ರಿಯಲ್ಲಿ ಮನೆಯ ಮೂಲೆಗಳು ಪ್ರಿಂಟರ್‌ನ ಬಿಂದುಗಳ ಮೇಲೆ ಸರಿಯಾಗಿ ಕೂರುವುದು ಇಂಥ ಕೆಲವು ಅಂಕಿಗಳಲ್ಲಿ ಮಾತ್ರ. ನೀವು 60 ಕೇಳಿದರೆ ಹತ್ತಿರದ ಲೆಕ್ಕ 60.6. ಅದರಲ್ಲಿ 99 ಶೇಡ್ ಸಿಗುತ್ತವೆ. 600 ಡಿಪಿಐ ಯಂತ್ರದಲ್ಲಿ ಮುಖದ ಫೋಟೋಗೆ ನನ್ನ ಕೈಗೆ ಒಗ್ಗಿದ್ದು ಇದೇ. ನಿಜವಾದ 1200 ಡಿಪಿಐ ಇದ್ದರೆ ಕಥೆಯೇ ಬೇರೆ: 85ರಲ್ಲಿ 201 ಶೇಡ್, 106ರಲ್ಲೂ 129. ಅಲ್ಲಿ ಧಾರಾಳವಾಗಿ 85 ಇಡಿ.

ಯಂತ್ರದ ಡಿಪಿಐ ನಿಜವೋ, ಹೆಸರಿಗೋ

ಡಬ್ಬದ ಮೇಲೆ 1200 ಅಂತ ಇದ್ದ ಮಾತ್ರಕ್ಕೆ ನಂಬಬೇಡಿ. ಎಚ್‌ಪಿಯ ಫಾಸ್ಟ್‌ರೆಸ್ 1200 ಅಂದರೆ ‘1200ರಂತೆ ಕಾಣುವ’ ಗುಣಮಟ್ಟ, ಬಿಂದುಗಳ ಲೆಕ್ಕ 600ರದ್ದೇ. ಅದು ಮೋಸವೇನಲ್ಲ, ಅಕ್ಷರದ ಅಂಚು ಚೆನ್ನಾಗಿ ಬರುತ್ತದೆ. ಆದರೆ ನೀವು ಹಾಫ್‌ಟೋನ್ ಲೆಕ್ಕ ಹಾಕುವಾಗ 1200 ಅಂತ ಹಿಡಿದರೆ ಮೇಲಿನ ಅಂಕಿಗಳೆಲ್ಲ ತಲೆಕೆಳಗಾಗುತ್ತವೆ. ಪುಸ್ತಿಕೆಯಲ್ಲಿ ‘ಎಫೆಕ್ಟಿವ್’, ‘ಕ್ವಾಲಿಟಿ’, ‘ಕ್ಲಾಸ್’ ಅನ್ನುವ ಪದ ಡಿಪಿಐ ಪಕ್ಕದಲ್ಲಿದ್ದರೆ 600 ಅಂತಲೇ ತಿಳಿಯಿರಿ.

ಡ್ರೈವರ್‌ನಲ್ಲಿ, ಅಂದರೆ ಕಂಪ್ಯೂಟರ್‌ನಿಂದ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್‌ನಲ್ಲಿ, ಇನ್ನು ಮೂರು ಕೆಲಸ. ಟೋನರ್ ಸೇವ್ ಅಥವಾ ಎಕಾನೊಮೋಡ್ ಇದ್ದರೆ ತೆಗೆಯಿರಿ. ಅಂಗಡಿಗಳಲ್ಲಿ ಇದು ಯಾವಾಗಲೂ ಆನ್ ಆಗೇ ಇರುತ್ತದೆ, ಗ್ರೇ ಕೆಡಿಸುವುದರಲ್ಲಿ ಇದಕ್ಕೇ ಮೊದಲ ಬಹುಮಾನ. ಪ್ರಿಂಟ್ ಡೆನ್ಸಿಟಿ ನಡುವೆ ಇಡಿ. ‘ಫಿಟ್ ಟು ಪೇಜ್’ ಬೇಡ, ಅಳತೆ ನೂರಕ್ಕೆ ನೂರು. ಇದೇಕೆ ಅಂತ ಮುಂದೆ ಹೇಳುತ್ತೇನೆ.

ಕೆಲವು ಡ್ರೈವರ್‌ಗಳಲ್ಲಿ ಹಾಫ್‌ಟೋನ್ ಅಂತಲೇ ಒಂದು ಆಯ್ಕೆ ಇರುತ್ತದೆ, ಅದರಲ್ಲಿ ರೆಸೊಲ್ಯೂಷನ್, ಗ್ರೇಡೇಶನ್ ಅಂತ ಎರಡು ಹೆಸರು. ಮೊದಲನೆಯದು ಸಣ್ಣ ಜಾಲರಿ, ಎರಡನೆಯದು ಹೆಚ್ಚು ಶೇಡ್. ಫೋಟೋ ಇದ್ದರೆ ಗ್ರೇಡೇಶನ್. ತೀರಾ ಅವಸರ ಇದ್ದವರು ಇಷ್ಟು ಮಾಡಿ ಇಲ್ಲಿಗೇ ನಿಲ್ಲಿಸಬಹುದು, ಅರ್ಧ ಕೆಲಸ ಆಗುತ್ತದೆ.

ಪರೀಕ್ಷೆ ಹಾಳೆ

ಈ ಹಾಳೆ ಇಲ್ಲದೆ ಜಾಲರಿ ಹೊಂದಿಸಲು ಹೋಗುವುದು ರುಚಿ ನೋಡದೆ ಉಪ್ಪು ಹಾಕಿದಂತೆ. ಕೋರೆಲ್‌ಡ್ರಾ, ಪೇಜ್‌ಮೇಕರ್, ಯಾವುದರಲ್ಲಾದರೂ ಮಾಡಿ. ಸಾಲಾಗಿ 21 ಚೌಕ: ಬಿಳಿಯಿಂದ ಕಪ್ಪಿನವರೆಗೆ ಶೇಕಡ ಐದೈದು ಏರಿಕೆ. ಅದರ ಕೆಳಗೆ 1ರಿಂದ 10ರವರೆಗೆ ಒಂದೊಂದೇ ಏರುವ ಇನ್ನೊಂದು ಸಾಲು, ತೆಳು ಶೇಡ್ ಎಲ್ಲಿಂದ ಶುರುವಾಗುತ್ತದೆ ಅಂತ ನೋಡಲು. ಪ್ರತಿ ಚೌಕದ ಕೆಳಗೂ ಅಂಕಿ ಬರೆಯಿರಿ. ಆಮೇಲೆ ಬಿಳಿಯಿಂದ ಕಪ್ಪಿಗೆ ಜಾರುವ ಒಂದು ಉದ್ದ ಪಟ್ಟಿ. ಕೊನೆಗೆ ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಮುಖದ ಫೋಟೋ. ಗೊತ್ತಿಲ್ಲದ ಮುಖ ಹಾಕಿದರೆ ಕೆಟ್ಟಿದ್ದೂ ಚೆನ್ನಾಗಿದೆ ಅನ್ನಿಸುತ್ತದೆ.

ಇದನ್ನು 53, 60, 71, 85 ಎಲ್‌ಪಿಐನಲ್ಲಿ ಒಂದೊಂದು ಪ್ರತಿ ತೆಗೆಯಿರಿ (ಎಲ್‌ಪಿಐ ಬದಲಿಸುವ ಬಗೆ ಮುಂದೆ ಇದೆ). ಯಾವ ಕಾಗದದ ಮೇಲೆ ಕೆಲಸ ಮಾಡುತ್ತೀರೋ ಅದರ ಮೇಲೇ ತೆಗೆಯಬೇಕು. 75 ಜಿಎಸ್‌ಎಂ (ಕಾಗದದ ತೂಕದ ಅಳತೆ) ಕಾಪಿಯರ್ ಹಾಳೆಗೂ ನುಣುಪಾದ 100 ಜಿಎಸ್‌ಎಂ ಹಾಳೆಗೂ ಬಹಳ ವ್ಯತ್ಯಾಸ. ಮಳೆಗಾಲದಲ್ಲಿ ರೀಮ್ ಬಿಚ್ಚಿಟ್ಟು ತೇವ ಎಳೆದ ಕಾಗದದಲ್ಲಂತೂ ಗ್ರೇ ಮೋಡ ಮೋಡವಾಗಿ ಬರುತ್ತದೆ, ಅದಕ್ಕೆ ಯಾವ ಎಲ್‌ಪಿಐಯೂ ಮದ್ದಲ್ಲ. ಹಾಳೆ ತಂದು ಬಾಗಿಲಲ್ಲಿ ನಿಂತು, ಹಗಲು ಬೆಳಕಲ್ಲಿ, ಪತ್ರಿಕೆ ಓದುವಷ್ಟು ದೂರ ಹಿಡಿದು ನೋಡಿ. ಭೂತಗನ್ನಡಿ ಬೇಡ. ಗಿರಾಕಿ ಭೂತಗನ್ನಡಿ ಹಿಡಿದು ಅಜ್ಜನ ಪತ್ರಿಕೆ ನೋಡುವುದಿಲ್ಲ ಅಲ್ವಾ.

ಉದ್ದ ಪಟ್ಟಿಯಲ್ಲಿ ಮೆಟ್ಟಿಲು ಕಾಣದಿರುವ, ಮುಖದಲ್ಲಿ ಚುಕ್ಕಿ ಕಿರಿಕಿರಿ ಮಾಡದಿರುವ ಹಾಳೆ ಯಾವುದೋ ಅದೇ ನಿಮ್ಮ ಜಾಲರಿ.

ಎಲ್‌ಪಿಐ ಬದಲಿಸುವುದು ಎಲ್ಲಿ

ಇಲ್ಲಿ ದಾರಿ ಎರಡಾಗುತ್ತದೆ. ನಿಮ್ಮ ಪ್ರಿಂಟರ್‌ಗೆ ಪೋಸ್ಟ್‌ಸ್ಕ್ರಿಪ್ಟ್ ಅನ್ನುವ, ಪುಟ ವಿವರಿಸುವ ಭಾಷೆ ಬರುತ್ತಿದ್ದರೆ ಕೆಲಸ ಸುಲಭ. ಇನ್‌ಡಿಸೈನ್‌ನ ಪ್ರಿಂಟ್ ಪೆಟ್ಟಿಗೆಯಲ್ಲಿ ಔಟ್‌ಪುಟ್‌ಗೆ ಹೋಗಿ, ಕಾಂಪೋಸಿಟ್ ಗ್ರೇ ಆಯ್ದರೆ ಫ್ರೀಕ್ವೆನ್ಸಿ, ಆಂಗಲ್ ನೀವೇ ಬರೆಯಬಹುದು. ಹಳೆಯ ಪೇಜ್‌ಮೇಕರ್ ಬಿಡದವರು ಇನ್ನೂ ಬಹಳ ಜನ ಇದ್ದಾರೆ, ನಾನೂ ಒಬ್ಬ. ಅದರಲ್ಲಿ ಫೋಟೋ ಆಯ್ದು ಇಮೇಜ್ ಕಂಟ್ರೋಲ್ ತೆರೆದರೆ ಆ ಒಂದು ಚಿತ್ರಕ್ಕೆ ಮಾತ್ರ ಸ್ಕ್ರೀನ್ ಕೊಡಬಹುದು. ಒಂದು ಎಚ್ಚರಿಕೆ: ಬ್ರದರ್‌ನಂಥ ಕೆಲವು ಡ್ರೈವರ್‌ಗಳಲ್ಲಿ ಹಾಫ್‌ಟೋನ್ ಸ್ಕ್ರೀನ್ ಲಾಕ್ ಅಂತ ಇರುತ್ತದೆ. ಅದು ಹಾಕಿದ್ದರೆ ಸಾಫ್ಟ್‌ವೇರ್ ಹೇಳಿದ ಸ್ಕ್ರೀನನ್ನು ಪ್ರಿಂಟರ್ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಆದರೆ ನಮ್ಮಂಥ ಸಣ್ಣ ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ಪೋಸ್ಟ್‌ಸ್ಕ್ರಿಪ್ಟ್ ಇಲ್ಲದ ಸಣ್ಣ ಪ್ರಿಂಟರ್. ಅದರ ಡ್ರೈವರ್ ತನಗೆ ತೋಚಿದ ಜಾಲರಿ ಹಾಕುತ್ತದೆ, ನಿಮ್ಮನ್ನು ಕೇಳುವುದಿಲ್ಲ. ಅದಕ್ಕೊಂದು ಉಪಾಯ: ಜಾಲರಿಯನ್ನು ಫೋಟೋದಲ್ಲೇ ಹಾಕಿ, ಪ್ರಿಂಟರ್‌ಗೆ ಗ್ರೇ ಅನ್ನುವುದನ್ನೇ ಕೊಡದಿರುವುದು. ಬರೀ ಕಪ್ಪು ಬಿಳಿ ಬಂದರೆ ಡ್ರೈವರ್‌ಗೆ ಮಾಡಲು ಏನೂ ಉಳಿಯುವುದಿಲ್ಲ.

ಫೋಟೋಶಾಪ್‌ನಲ್ಲಿ ಹೀಗೆ. ಫೋಟೋವನ್ನು ಅಚ್ಚಾಗಬೇಕಾದ ಅಳತೆಗೇ ತನ್ನಿ, 2 ಇಂಚು ಅಗಲ, 2.5 ಇಂಚು ಎತ್ತರ ಅನ್ನಿ. ಇಮೇಜ್ ಮೆನುವಿನ ಮೋಡ್‌ನಲ್ಲಿ ಮೊದಲು ಗ್ರೇಸ್ಕೇಲ್ ಮಾಡಿ. ಮುಂದೆ ಹೇಳುವ ಕರ್ವ್ ಕೆಲಸ (ಶೇಡ್‌ಗಳನ್ನು ಗಾಢ, ತೆಳು ಹೊಂದಿಸುವುದು) ಈ ಹಂತದಲ್ಲೇ ಮುಗಿಯಬೇಕು, ಆಮೇಲೆ ಆಗುವುದಿಲ್ಲ. ನಂತರ ಅದೇ ಮೋಡ್‌ನಲ್ಲಿ ಬಿಟ್‌ಮ್ಯಾಪ್. ಔಟ್‌ಪುಟ್ 600, ವಿಧಾನ ಹಾಫ್‌ಟೋನ್ ಸ್ಕ್ರೀನ್. ಮುಂದಿನ ಪೆಟ್ಟಿಗೆಯಲ್ಲಿ ಫ್ರೀಕ್ವೆನ್ಸಿ 60, ಆಂಗಲ್ 45, ಆಕಾರ ರೌಂಡ್. ಫೋಟೋ ಈಗ 1200ಕ್ಕೆ 1500 ಬಿಂದುಗಳ ಕಪ್ಪು ಬಿಳಿ ಚಿತ್ರ ಆಗಿರುತ್ತದೆ. ಟಿಫ್ ಆಗಿ ಉಳಿಸಿ. ಜೆಪೆಗ್ ಮಾಡಿದರೆ ಚುಕ್ಕಿಗಳ ಅಂಚಿನಲ್ಲಿ ಮತ್ತೆ ಗ್ರೇ ಹುಟ್ಟಿಕೊಂಡು ಪಟ್ಟ ಪಾಡೆಲ್ಲ ಹೊಳೆಗೆ ಹೋಗುತ್ತದೆ.

ಕೋರೆಲ್‌ಡ್ರಾದಲ್ಲೂ ಬಿಟ್‌ಮ್ಯಾಪ್ಸ್ ಮೆನುವಿನಲ್ಲಿ ಮೋಡ್, ಅದರಲ್ಲಿ ಒಂದು ಬಿಟ್‌ನ ಬ್ಲ್ಯಾಕ್ ಅಂಡ್ ವೈಟ್ ಇದೆ. ಅಲ್ಲೂ ಹಾಫ್‌ಟೋನ್ ಆಯ್ದು ಡಿಗ್ರಿ, ಸಾಲು ಕೊಡಬಹುದು.

ಈ ಟಿಫ್ ಪುಟದಲ್ಲಿ ಕೂತ ಮೇಲೆ ಅದನ್ನು ಎಳೆದು ದೊಡ್ಡದು ಚಿಕ್ಕದು ಮಾಡಲೇಬಾರದು. ಓರೆ ತಿರುಗಿಸಲೂಬಾರದು. ‘ಫಿಟ್ ಟು ಪೇಜ್’ ಬೇಡ ಅಂದದ್ದು ಇದಕ್ಕೇ. 97 ಪರ್ಸೆಂಟಿಗೆ ಇಳಿದರೂ ಸಾಕು, ಚುಕ್ಕಿಗಳು ಬಿಂದುಗಳ ಮೇಲೆ ಸರಿಯಾಗಿ ಕೂರದೆ ಮುಖದ ತುಂಬ ಚಾಪೆ ಹೆಣೆದಂಥ ಗೆರೆ ಏಳುತ್ತದೆ. ಡ್ರೈವರ್‌ನಲ್ಲೂ ನೇರ 600 ಆಯ್ದಿರಿ.

ಅದೇ ಪೆಟ್ಟಿಗೆಗಳಲ್ಲಿ ಡಿಫ್ಯೂಷನ್, ಫ್ಲಾಯ್ಡ್-ಸ್ಟೈನ್‌ಬರ್ಗ್ ಅನ್ನುವ ಹೆಸರೂ ಕಾಣುತ್ತದೆ. 1976ರಲ್ಲಿ ಬಂದ ವಿಧಾನ, ಬಿಂದುಗಳನ್ನು ಗುಂಪು ಮಾಡದೆ ಮರಳಿನ ಹಾಗೆ ಎರಚುತ್ತದೆ. ಪರದೆಯ ಮೇಲೆ ಬಹಳ ಚೆಂದ, ಇಂಕ್‌ಜೆಟ್‌ನಲ್ಲೂ ಚೆಂದ. ಲೇಸರ್‌ನಲ್ಲಿ ಒಂಟಿ ಬಿಂದು ನಿಲ್ಲುವುದಿಲ್ಲ ಅಂತ ಆಗಲೇ ನೋಡಿದೆವಲ್ಲ. ತೆಳು ಕಡೆ ಮಾಯ, ಗಾಢ ಕಡೆ ಮಸಿ. ನಾನು ಬಳಸುವುದಿಲ್ಲ.

ಕರ್ವ್ ಇಲ್ಲದೆ ಜಾಲರಿ ಒಂದೇ ಸಾಲದು

ಜಾಲರಿ ಸರಿಹೋದ ಮೇಲೂ ಮುಖ ಕಪ್ಪಿಟ್ಟಿರುತ್ತದೆ. 600 ಡಿಪಿಐನಲ್ಲಿ ಒಂದು ಬಿಂದುವಿಗೆ ಸಿಗುವ ಜಾಗ ಸುಮಾರು 42 ಮೈಕ್ರಾನ್. ಆದರೆ ಗಟ್ಟಿ ಕಪ್ಪು ಬರೆಯುವಾಗ ಬಿಂದುಗಳ ನಡುವೆ ಸಂದು ಉಳಿಯಬಾರದು. ಅದಕ್ಕೆ ದುಂಡು ಬಿಂದುವನ್ನು ಅದರ ಜಾಗಕ್ಕಿಂತ ದೊಡ್ಡದಾಗೇ ಇಡಬೇಕಾಗುತ್ತದೆ. ಅಕ್ಷರಕ್ಕೆ ಅದು ಒಳ್ಳೆಯದು. ಗ್ರೇಗೆ ಕೆಟ್ಟದ್ದು, ಶೇಕಡ 50 ಅಂತ ಕೊಟ್ಟದ್ದು 60, 65ರಂತೆ ಅಚ್ಚಾಗುತ್ತದೆ.

ಎಷ್ಟು ಉಬ್ಬುತ್ತದೆ ಅಂತ ಅಳೆಯಲು ದೊಡ್ಡ ಪ್ರೆಸ್‌ಗಳಲ್ಲಿ ಡೆನ್ಸಿಟೋಮೀಟರ್ ಇರುತ್ತದೆ. ನಮಗೆ ಕಣ್ಣೇ ಗತಿ. ಪರೀಕ್ಷೆ ಹಾಳೆಯ ಚೌಕಗಳ ಮಗ್ಗುಲಿಗೇ, ಅರ್ಧ ಮಿಲಿಮೀಟರ್ ಕಪ್ಪು ಗೆರೆ, ಅರ್ಧ ಮಿಲಿಮೀಟರ್ ಖಾಲಿ ಜಾಗ, ಹೀಗೆ ಗೆರೆ ಎಳೆದ ಒಂದು ಉದ್ದ ಪಟ್ಟಿ ಹಾಕಿ. ಅಷ್ಟು ದಪ್ಪ ಗೆರೆಯಲ್ಲಿ ಉಬ್ಬುವುದು ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಅದು ಹೆಚ್ಚುಕಡಿಮೆ ನಿಜವಾದ ಅರ್ಧ ಕಪ್ಪು. ಹಾಳೆಯನ್ನು ಗೋಡೆಗೆ ಅಂಟಿಸಿ ಎರಡು ಮೂರು ಮೀಟರ್ ಹಿಂದೆ ಹೋಗಿ. ಗೆರೆಗಳು ಕರಗಿ ಒಂದೇ ಬೂದಾಗುತ್ತವೆ. ಕನ್ನಡಕದವರು ಕನ್ನಡಕ ತೆಗೆದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಈಗ ಆ ಬೂದು ಬಣ್ಣಕ್ಕೆ ಯಾವ ಚೌಕ ಸರಿಯಾಗಿ ಹೊಂದುತ್ತದೆ ನೋಡಿ. ನನ್ನ ಯಂತ್ರದಲ್ಲಿ 35ಕ್ಕೂ 40ಕ್ಕೂ ನಡುವೆ, 40ರ ಹತ್ತಿರ ಬಂತು. ಅಂದರೆ ಕಣ್ಣಿಗೆ 50 ಕಾಣಬೇಕಾದರೆ ಯಂತ್ರಕ್ಕೆ 39 ಕೊಡಬೇಕು.

ಫೋಟೋಶಾಪ್‌ನ ಕರ್ವ್ಸ್‌ನಲ್ಲಿ ನಡುವಿನ ಬಿಂದು ಹಿಡಿದು 50ನ್ನು 39ಕ್ಕೆ ತನ್ನಿ. ಆ ಒಂದು ಎಳೆತಕ್ಕೇ ಮುಖಕ್ಕೆ ಜೀವ ಬರುತ್ತದೆ.

ಆಮೇಲೆ ಎರಡು ತುದಿ. 1ರಿಂದ 10ರ ಸಾಲಿನಲ್ಲಿ ಮೊದಲು ಕಾಣಿಸಿದ ಚೌಕ ಯಾವುದು? 4 ಅನ್ನಿ. ಕಪ್ಪು ತುದಿಯಲ್ಲಿ ಬೇರೆಯಾಗಿ ಕಾಣುವ ಕೊನೆಯ ಚೌಕ? 90 ಅನ್ನಿ. ಫೋಟೋದ ಶೇಡ್‌ಗಳೆಲ್ಲ ಈ ಎರಡರ ನಡುವೆ ಇರುವಂತೆ ಲೆವೆಲ್ಸ್‌ನ ಔಟ್‌ಪುಟ್ ತುದಿಗಳನ್ನು ಒಳಗೆ ತಳ್ಳಿ. ಶೇಕಡ 90 ಅಂದರೆ ಆ ಪೆಟ್ಟಿಗೆಯಲ್ಲಿ ಸುಮಾರು 25, ಶೇಕಡ 4 ಅಂದರೆ 245. ಶಾಲೆಯೊಂದರ ಪ್ರವಾಸದ ಪುಸ್ತಿಕೆಗೆ ಚಿತ್ರದುರ್ಗದ ಓಬವ್ವನ ಕಿಂಡಿಯ ಫೋಟೋ ಹಾಕುವಾಗ ಈ ಕಪ್ಪು ತುದಿಯ ಬೆಲೆ ಗೊತ್ತಾಯಿತು. ಮೊದಲ ಪ್ರಿಂಟಿನಲ್ಲಿ ಕಿಂಡಿ ಅಂದರೆ ಒಂದು ಮಸಿ ಮುದ್ದೆ. 90ಕ್ಕೆ ಇಳಿಸಿದ ಮೇಲೆ ಒಳಗಿನ ಕಲ್ಲಿನ ಅಂಚು ಕಂಡಿತು.

ಈಬತ್ತಿ, ರುಮಾಲಿನಂಥ ಜಾಗಕ್ಕೆ ಒಂದು ಮಾತು. ಈಬತ್ತಿ ಹೆಚ್ಚುಕಡಿಮೆ ಬಿಳಿ ಕಾಗದದಂತೇ ಉಳಿಯಲಿ. ಅದರ ಸುತ್ತಲಿನ ಹಣೆ ಮಾತ್ರ 8, 10ಕ್ಕಿಂತ ಕೆಳಗೆ ಇಳಿಯಬಾರದು. ಬರ್ನ್ ಟೂಲ್‌ನಿಂದ ಹಣೆಯನ್ನು ಒಂಚೂರು ಗಾಢ ಮಾಡಿದರೆ ಮೂರೆಳೆ ತಾನಾಗೇ ಎದ್ದು ಕಾಣುತ್ತದೆ. ಆ ಹುಡುಗನ ಅಜ್ಜನಿಗೆ ಅವತ್ತು ಮಾಡಿದ್ದು ಇದನ್ನೇ.

ಹಿಂದಿನ ಗೋಡೆ, ಆಕಾಶ ಇಂಥ ಬಯಲು ಜಾಗದಲ್ಲಿ ಇನ್ನೂ ಪಟ್ಟೆ ಬರುತ್ತಿದ್ದರೆ ಅಲ್ಲಿಗೆ ಮಾತ್ರ ಎರಡು ಮೂರು ಪರ್ಸೆಂಟ್ ನಾಯ್ಸ್ (ಮರಳಿನಂಥ ಚುಕ್ಕಿ) ಸೇರಿಸಿ. ಪಟ್ಟೆಯ ಅಂಚು ಒಡೆದುಹೋಗುತ್ತದೆ.

ಕೋನ, ಹಳೆ ಫೋಟೋ, ಅಕ್ಷರ

ಕೋನ 45 ಡಿಗ್ರಿಯೇ ಇರಲಿ. ಅಡ್ಡ ಉದ್ದ ಸಾಲುಗಳು ಕಣ್ಣಿಗೆ ಬೇಗ ಚುಚ್ಚುತ್ತವೆ, ಓರೆ ಸಾಲು ಅಷ್ಟು ಕಾಣುವುದಿಲ್ಲ. ಸೀರೆಯ ಚೌಕಳಿಯೋ ಕಿಟಕಿಯ ಜಾಲರಿಯೋ 45ರ ಜೊತೆ ಜಗಳವಾಡಿ ಅಲೆ ಎದ್ದರೆ ಮಾತ್ರ 30 ಇಟ್ಟು ನೋಡಿ.

ಹಳೆಯ ಲಗ್ನಪತ್ರಿಕೆಯಿಂದಲೋ ದಿನಪತ್ರಿಕೆಯಿಂದಲೋ ಕತ್ತರಿಸಿದ ಫೋಟೋ ತರುವವರು ಬಹಳ. ಅದರಲ್ಲಿ ಆಗಲೇ ಒಂದು ಜಾಲರಿ ಇರುತ್ತದೆ. ಅದರ ಮೇಲೆ ನೀವು ಇನ್ನೊಂದು ಹಾಕಿದರೆ ಎರಡು ಜರಡಿ ಒಂದರ ಮೇಲೊಂದು ಹಿಡಿದ ಹಾಗೆ. ಸ್ಕ್ಯಾನ್ ಮಾಡುವಾಗ ಡಿಸ್ಕ್ರೀನ್ ಆಯ್ಕೆ ಹಾಕಿ, ಇಲ್ಲದಿದ್ದರೆ ಹಳೆ ಚುಕ್ಕಿ ಕರಗುವಷ್ಟು ಬ್ಲರ್ ಕೊಟ್ಟು ಆಮೇಲೆ ಶಾರ್ಪ್ ಮಾಡಿ. ವಾಟ್ಸಾಪ್‌ನಲ್ಲಿ ಕಳಿಸುವವರಿಗೆ ‘ಡಾಕ್ಯುಮೆಂಟ್ ಮಾಡಿ ಕಳಿಸ್ರಿ’ ಅಂತ ಹೇಳಿ. ಎಲ್‌ಪಿಐನ ಎರಡರಷ್ಟು ಪಿಕ್ಸೆಲ್ ಇಂಚಿಗೆ ಇದ್ದರೆ ಸಾಕು. 60ರ ಜಾಲರಿಗೆ 120. ಅಂದರೆ 2 ಇಂಚಿನ ಫೋಟೋಗೆ ಬರೀ 240 ಪಿಕ್ಸೆಲ್ ಅಗಲ ನಡೆಯುತ್ತದೆ. ‘ಫೋಟೋ ಸಣ್ಣದಿದೆ, ಆಗಲ್ಲ’ ಅಂತ ಗಿರಾಕಿಯನ್ನು ವಾಪಸ್ ಕಳಿಸುವ ಮೊದಲು ಈ ಲೆಕ್ಕ ಹಾಕಿ.

ಅಕ್ಷರಕ್ಕೆ ಮಾತ್ರ ಗ್ರೇ ಕೊಡಬೇಡಿ. ಇಂಗ್ಲಿಷ್ ಅಕ್ಷರವಾದರೆ ಹೇಗೋ ತಡೆಯುತ್ತದೆ. ನಮ್ಮ ಒತ್ತಕ್ಷರ ತಡೆಯುವುದಿಲ್ಲ. 10 ಪಾಯಿಂಟಿನಲ್ಲಿ ಶೇಕಡ 40 ಗ್ರೇ ಕೊಟ್ಟು ‘ಲಿಂಗೈಕ್ಯ’ ಅಂತ ಹೊಡೆದು ನೋಡಿ, ಕೆಳಗಿನ ಯ ಒತ್ತು ನಾಲ್ಕು ಚುಕ್ಕಿಯಾಗಿ ಉದುರಿರುತ್ತದೆ. ಮೆಲ್ಲಗೆ ಕಾಣಬೇಕೆಂದರೆ ತೆಳು ಫಾಂಟ್ ಹಾಕಿ, ಬಣ್ಣ ನೂರಕ್ಕೆ ನೂರು ಕಪ್ಪೇ ಇರಲಿ.

ಆ ಹಾಳೆ ಮುಂದೆ ಎಲ್ಲಿಗೆ ಹೋಗುತ್ತದೆ

ನೀವು ಕೊಟ್ಟ ಹಾಳೆಯೇ ಕೊನೆಯಾದರೆ 60. ಅದನ್ನು ಗಿರಾಕಿ ಜೆರಾಕ್ಸ್ ಮಾಡಿಸಿ ಹಂಚುತ್ತಾನೆ ಅಂತಾದರೆ 53ಕ್ಕೆ ಇಳಿಸಿ, ನಡುವಿನ ಶೇಡನ್ನು ಇನ್ನೂ ತುಸು ತೆಳು ಮಾಡಿ. ಜೆರಾಕ್ಸ್ ಯಂತ್ರ ತನ್ನ ಪಾಲಿನದನ್ನೂ ಉಬ್ಬಿಸುತ್ತದೆ. ಟ್ರೇಸಿಂಗ್ ಪೇಪರ್ ಮೇಲೆ ತೆಗೆದು ಸ್ಕ್ರೀನ್ ಪ್ರಿಂಟಿಂಗ್‌ನವರಿಗೆ ಕೊಡುವುದಾದರೆ 45, 50 ಸಾಕು. ಅವರ ಬಟ್ಟೆಯ ಎಳೆ ಲೆಕ್ಕ ನಿಮ್ಮ ಎಲ್‌ಪಿಐನ ನಾಲ್ಕೈದು ಪಟ್ಟಾದರೂ ಇರಬೇಕು, ಮೊದಲೇ ಕೇಳಿಕೊಳ್ಳಿ. ಟ್ರೇಸಿಂಗ್ ಮೇಲೆ ಕಪ್ಪು ಗಟ್ಟಿ ಬೇಕು, ಅಲ್ಲಿ ಮಾತ್ರ ಡೆನ್ಸಿಟಿ ಏರಿಸಬಹುದು.

ಪರೀಕ್ಷೆ ಹಾಳೆಯ ಮೂಲೆಯಲ್ಲಿ ಎಲ್‌ಪಿಐ, ಕಾಗದ, ಯಾವ ಕಾರ್ಟ್ರಿಜ್, ತಾರೀಖು ಬರೆದು ಗೋಡೆಗೆ ಅಂಟಿಸಿ. ಮೊನ್ನೆ ನಮ್ಮ ಕಾರ್ಟ್ರಿಜ್ ರೀಫಿಲ್ ಆಯಿತು. ಪುಡಿ ಬೇರೆ. ಅದೇ ಫೈಲ್, ಅದೇ 60, ಆದರೆ ಮುಖಗಳೆಲ್ಲ ಮತ್ತೆ ಕಪ್ಪು. ಪಟ್ಟಿ ತೆಗೆದು ಹಿಂದೆ ಹಿಂದೆ ನಡೆದು ಬಾಗಿಲ ಹೊರಗೆ ಹೋಗಿ ನೋಡಿದೆ. ಗೆರೆಗೆ ಹೊಂದಿದ್ದು ಈ ಸಲ 35ರ ಚೌಕ. ಕರ್ವ್ ಬದಲಿಸಿದೆ, ಹಳೆ ಹಾಳೆಯ ಪಕ್ಕಕ್ಕೆ ಇದನ್ನೂ ಅಂಟಿಸಿದೆ. ಗೋಡೆಯ ಮೇಲೆ ಈಗ ಐದು ಹಾಳೆ ಇವೆ. ಒಂದೊಂದರಲ್ಲೂ ಒಂದೇ ಮುಖ, ನಮ್ಮಪ್ಪಂದು.